ಮನವಿಯನ್ನು ಯಂತ್ರ ಬರೆದರೆ ಮಾತು ಯಾರದು?

ಸರ್ಕಾರಕ್ಕೆ ಆಕ್ಷೇಪಣೆ ಸಲ್ಲಿಸುವ ಕ್ರಮದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕೇಳಿದ್ದವು: ಕೃತಕ ಬುದ್ಧಿಮತ್ತೆ, ಅಂದರೆ ಈಗ ಎಲ್ಲರ ಬಾಯಲ್ಲಿರುವ ಎಐ, ಈ ಕೆಲಸವನ್ನು ಎತ್ತ ಒಯ್ಯುತ್ತಿದೆ? ಕಂಪನಿಗಳು ಈ ಕೆಲಸವನ್ನು ‘ಪಬ್ಲಿಕ್ ಅಫೇರ್ಸ್’ ಎಂದು ಕರೆಯುತ್ತವೆ, ಸಂಘಸಂಸ್ಥೆಗಳು ‘ಹಕ್ಕೊತ್ತಾಯ’ ಎನ್ನುತ್ತವೆ, ಊರುಗಳಲ್ಲಿ ಜನ ‘ಅರ್ಜಿ ಕೊಟ್ಟು ಬರುವುದು’ ಎನ್ನುತ್ತಾರೆ. ಹೆಸರು ಯಾವುದಾದರೂ ಮಾಡುವುದು ಒಂದನ್ನೇ: ಅಧಿಕಾರದಲ್ಲಿರುವವರು ತೀರ್ಮಾನ ಮಾಡುವ ಮೊದಲು, ಆ ತೀರ್ಮಾನದ ಫಲ ಉಣ್ಣಬೇಕಾದವರ ಮಾತನ್ನು ಅವರ ಮುಂದಿಡುವುದು. ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದನ್ನು ಬೇರೆ ಬೇರೆ ರೂಪದಲ್ಲಿ ಅನೇಕರು ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಬೇಕಾಯಿತು.

ಪ್ರಶ್ನೆ: ನಮ್ಮೂರ ಗೋಮಾಳದ ಪಕ್ಕದಲ್ಲಿ ಕಲ್ಲು ಗಣಿಗಾರಿಕೆಯ ಪ್ರಸ್ತಾವ ಬಂದಿದ್ದು, ಪರಿಸರ ಅನುಮತಿಗಾಗಿ ಸಾರ್ವಜನಿಕ ಆಲಿಕೆ ಸಭೆಯ ದಿನಾಂಕ ನಿಗದಿಯಾಗಿದೆ. ನನ್ನ ಅಣ್ಣನ ಮಗ ಎಐ ಬಳಸಿ ಒಂದೇ ಸಂಜೆಯಲ್ಲಿ ಇನ್ನೂರು ಆಕ್ಷೇಪಣಾ ಪತ್ರಗಳನ್ನು ತಯಾರಿಸಿದ್ದಾನೆ. ಒಂದರ ಹಾಗೆ ಇನ್ನೊಂದಿಲ್ಲ. ಮತದಾರರ ಪಟ್ಟಿ ನೋಡಿ ಹೆಸರು ಹಾಕಿದ್ದಾನೆ. ಊರಿನವರು ಹೇಗೂ ಗಣಿಗೆ ವಿರೋಧವಾಗಿಯೇ ಇದ್ದಾರೆ. ಇವನ್ನು ಕಳುಹಿಸಬಹುದೇ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಕಳುಹಿಸಬೇಡಿ. ಊರಿನವರು ವಿರೋಧವಾಗಿದ್ದಾರೆ ಎಂಬುದು ನಿಜವೇ ಇರಬಹುದು; ಆದರೆ ಅವರು ಆ ಪತ್ರವನ್ನು ಬರೆದಿಲ್ಲ, ಓದಿಲ್ಲ, ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿಲ್ಲ. ನಾಳೆ ಕಂಪನಿಯ ಕಡೆಯವರು ಆ ಪಟ್ಟಿಯಲ್ಲಿನ ನಾಲ್ಕು ಮನೆಗಳ ಬಾಗಿಲು ತಟ್ಟಿ ‘ಈ ಪತ್ರ ನೀವು ಬರೆದದ್ದೇ?’ ಎಂದು ಕೇಳಿ, ‘ನಮಗೆ ಗೊತ್ತಿಲ್ಲ’ ಎಂಬ ಉತ್ತರವನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡರೆ, ನಿಜವಾಗಿ ಕಷ್ಟಪಟ್ಟು ಬರೆದವರ ಹತ್ತು ಪತ್ರಗಳೂ ಅದರೊಂದಿಗೆ ಬಿದ್ದುಹೋಗುತ್ತವೆ. ಇನ್ನೊಬ್ಬರ ಹೆಸರಿನಲ್ಲಿ ಅವರಿಗೆ ತಿಳಿಯದಂತೆ ಪತ್ರ ಸೃಷ್ಟಿಸಿದ ಆರೋಪ ನಿಮ್ಮ ಹುಡುಗನ ಮೇಲೆ ಬರುವ ಅಪಾಯ ಬೇರೆ.

ಇದು ಬರೀ ಊಹೆಯಲ್ಲ. ಅಮೆರಿಕದ ಸಂಪರ್ಕ ಆಯೋಗವು 2017ರಲ್ಲಿ ಅಂತರ್ಜಾಲ ಸಮಾನತೆಯ, ಅಂದರೆ ಸಂಪರ್ಕ ಕೊಡುವ ಕಂಪನಿ ಎಲ್ಲ ಜಾಲತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬ, ನಿಯಮಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 2 ಕೋಟಿ 20 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ನಡೆಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವುಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ಸುಳ್ಳಾಗಿದ್ದವು. ಸುಮಾರು 85 ಲಕ್ಷ ಅಭಿಪ್ರಾಯಗಳ ಹಿಂದೆ ಆ ನಿಯಮಗಳು ಬೇಡವೆನ್ನುತ್ತಿದ್ದ ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣವಿತ್ತು, ಮತ್ತು ಅದಕ್ಕಾಗಿ ನಿಜವಾದ ಜನರ ಹೆಸರುಗಳನ್ನು ಅವರಿಗೆ ತಿಳಿಯದಂತೆ ಬಳಸಲಾಗಿತ್ತು. ಎದುರು ಪಕ್ಷದಲ್ಲಿ 77 ಲಕ್ಷ ಅಭಿಪ್ರಾಯಗಳನ್ನು 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ ತಂತ್ರಾಂಶವೊಂದರಿಂದ ಹೊರಡಿಸಿದ್ದ. ಆ ಹುಡುಗನ ನಿಲುವು ಸರಿಯೇ ಇತ್ತೆಂದು ವಾದಿಸುವವರಿದ್ದಾರೆ. ಆದರೂ ಆ ರಾಶಿಯ ಅಡಿಯಲ್ಲಿ ಹೂತುಹೋದದ್ದು ಎರಡೂ ಕಡೆಯ ಪ್ರಾಮಾಣಿಕರ ಪತ್ರಗಳು ಎಂಬುದನ್ನು ನಾವು ಮರೆಯಬಾರದು.

ಅಂದಿನ ಸುಳ್ಳು ಪತ್ರಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬರುತ್ತಿದ್ದುದರಿಂದ ಅವುಗಳನ್ನು ಹಿಡಿಯಲು ದಾರಿಯಿತ್ತು. ಈಗ ಆ ದಾರಿ ಮುಚ್ಚುತ್ತಿದೆ. 2019ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ಐಡಹೊ ರಾಜ್ಯದ ವೈದ್ಯಕೀಯ ನೆರವಿನ ಯೋಜನೆಯೊಂದರ ಬಗ್ಗೆ ಯಂತ್ರದಿಂದ ಬರೆಸಿದ 1,001 ಅಭಿಪ್ರಾಯಗಳನ್ನು ಪ್ರಯೋಗಾರ್ಥವಾಗಿ ಸಲ್ಲಿಸಿದ. ಬಂದ ಒಟ್ಟು ಅಭಿಪ್ರಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ ಆಗಿದ್ದವು. ಮನುಷ್ಯರಿಗೆ ತೋರಿಸಿ ಕೇಳಿದಾಗ ಯಾವುದು ಯಂತ್ರದ್ದು, ಯಾವುದು ಮನುಷ್ಯರದ್ದು ಎಂದು ಅವರು ಹೇಳಿದ್ದು ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿಯಾಗಿತ್ತು. ಆತ ಬಳಿಕ ವಿಷಯ ತಿಳಿಸಿ ಎಲ್ಲವನ್ನೂ ಹಿಂಪಡೆದ. ಆ ಯಂತ್ರ ಇಂದಿನವುಗಳ ಮುಂದೆ ಬಾಲವಾಡಿಯ ಮಗು.

ಹಾಗಾದರೆ ಸಂಖ್ಯೆಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ನಮ್ಮ ದೇಶದ್ದೇ ಒಂದು ಪ್ರಸಂಗ ಹೇಳುತ್ತೇನೆ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇದೇ ಅಂತರ್ಜಾಲ ಸಮಾನತೆಯ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿದಾಗ ಹತ್ತು ಲಕ್ಷಕ್ಕೂ ಮೀರಿ ಇಮೇಲ್‌ಗಳು ಹೋದವು. ಅವುಗಳಲ್ಲಿ ಬಹಳಷ್ಟು ಸಿದ್ಧ ನಮೂನೆಯವೇ. ಆದರೆ ಆ ನಮೂನೆ ಟ್ರಾಯ್ ಕೇಳಿದ್ದ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರಿಸಿತ್ತು ಮತ್ತು ಒಬ್ಬೊಬ್ಬರೂ ತಮ್ಮ ಇಮೇಲ್‌ನಿಂದ ತಾವೇ ಕಳುಹಿಸಿದ್ದರು. ಅದೇ ವರ್ಷದ ಕೊನೆಗೆ, ಆಯ್ದ ಕೆಲವು ಜಾಲತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ಫೇಸ್‌ಬುಕ್ ತನ್ನ ಬಳಕೆದಾರರಿಂದ ಲಕ್ಷಗಟ್ಟಲೆ ಸಿದ್ಧ ಸಂದೇಶಗಳನ್ನು ಕಳುಹಿಸಿತು. ತಾನು ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲ ಎಂದು ಟ್ರಾಯ್ ಹೇಳಿತು, ಮತ್ತು 2016ರ ಫೆಬ್ರುವರಿ 8ರಂದು ಹೊರಬಂದ ನಿಯಮ, ಯಾವ ಜಾಲತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ಎಷ್ಟು ಜನ ಎಂಬುದರ ಜೊತೆಗೆ, ಕೇಳಿದ್ದಕ್ಕೆ ಏನು ಹೇಳಿದರು ಎಂಬುದೂ ಕಡತದಲ್ಲಿ ಲೆಕ್ಕಕ್ಕೆ ಬರುತ್ತದೆ.

ವರ್ಷಗಳ ಹಿಂದೆ ರಸ್ತೆ ಅಗಲೀಕರಣದ ವಿಷಯವಾಗಿ ಒಂದು ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕರ ಮೇಜಿನ ಎದುರು ಕುಳಿತು ನಾನು ಕಣ್ಣಾರೆ ಕಂಡದ್ದಿದೆ. ಅವರು ಬಂದ ಆಕ್ಷೇಪಣೆಗಳನ್ನು ಎರಡು ಕಟ್ಟು ಮಾಡಿದರು. ದೊಡ್ಡ ಕಟ್ಟಿನಲ್ಲಿ ಒಂದೇ ಜೆರಾಕ್ಸ್ ಪತ್ರದ ಮೇಲೆ ಬೇರೆ ಬೇರೆ ಸಹಿ. ಅದನ್ನು ಎಣಿಸಿ, ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು ಬರೆದು ಮುಗಿಸಿದರು. ಸಣ್ಣ ಕಟ್ಟಿನಲ್ಲಿ ಹನ್ನೊಂದು ಪತ್ರಗಳಿದ್ದವು. ಅದರಲ್ಲೊಂದು ಅಡಿಕೆ ಬೆಳೆಗಾರರೊಬ್ಬರು ರೂಲು ಹಾಳೆಯ ಮೇಲೆ ಕೈಯಲ್ಲಿ ಬರೆದದ್ದು: ಇಂಥ ಸರ್ವೆ ನಂಬರಿನ ಪಕ್ಕದ ಮೋರಿಯಲ್ಲಿ ಆಷಾಢದ ಮಳೆಗೆ ನೀರು ಎಲ್ಲಿಯವರೆಗೆ ಏರುತ್ತದೆ, ಅದನ್ನು ಮುಚ್ಚಿದರೆ ಯಾರ ಯಾರ ತೋಟಕ್ಕೆ ನುಗ್ಗುತ್ತದೆ ಎಂದು. ಆ ಒಂದು ಪತ್ರಕ್ಕೆ ಅರ್ಧ ಪುಟದ ಟಿಪ್ಪಣಿ ಬಿತ್ತು, ಎಂಜಿನಿಯರರ ವರದಿ ಕೇಳಿ ಕಡತ ಹೊರಟಿತು.

ಆದ್ದರಿಂದ ನಿಮ್ಮ ಅಣ್ಣನ ಮಗನ ಜಾಣ್ಮೆಯನ್ನು ಬೇರೆ ಕಡೆ ತಿರುಗಿಸಿ. ಪರಿಸರ ಪರಿಣಾಮ ಅಂದಾಜು ವರದಿ ನೂರಾರು ಪುಟಗಳ ಇಂಗ್ಲಿಷ್ ದಾಖಲೆಯಾಗಿರುತ್ತದೆ. ಅದರಲ್ಲಿ ನಿಮ್ಮೂರಿನ ಕೊಳವೆಬಾವಿ, ಕೆರೆ, ಶಾಲೆ, ಸಿಡಿಮದ್ದಿನ ಸಮಯ, ಲಾರಿ ಓಡಾಡುವ ದಾರಿ ಇವುಗಳ ಬಗ್ಗೆ ಎಲ್ಲೆಲ್ಲಿ ಏನೇನು ಹೇಳಿದೆ ಎಂದು ಪುಟಸಂಖ್ಯೆ ಸಹಿತ ಹೆಕ್ಕಿ ಕೊಡುವಂತೆ ಯಂತ್ರಕ್ಕೆ ಹೇಳಲಿ. ಆ ಪುಟಗಳನ್ನು ತಾನೇ ತೆರೆದು ತಾಳೆ ನೋಡಲಿ. ಶಾಲೆ ಎರಡು ಕಿಲೋಮೀಟರ್ ದೂರದಲ್ಲಿದೆ ಎಂದು ವರದಿ ಹೇಳಿ, ನಿಮ್ಮ ಮಕ್ಕಳು ಹತ್ತು ನಿಮಿಷದಲ್ಲಿ ನಡೆದು ಹೋಗುತ್ತಿದ್ದರೆ, ನಿಮ್ಮ ಆಕ್ಷೇಪಣೆ ಅಲ್ಲೇ ಸಿಕ್ಕಿತು. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಲಭ್ಯವಿರಬೇಕು, ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದವರು ಅಧ್ಯಕ್ಷತೆ ವಹಿಸಬೇಕು, ಇಡೀ ಸಭೆಯನ್ನು ವಿಡಿಯೊ ಮಾಡಬೇಕು, ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಆ ಓದಿನವರೆಗೆ ಊರಿನವರು ಎದ್ದು ಹೋಗದೆ ಕುಳಿತಿರಲಿ, ಮತ್ತು ತಾವು ಆಡಿದ ಮಾತು ನಡಾವಳಿಯಲ್ಲಿ ಇಲ್ಲದಿದ್ದರೆ ಅಲ್ಲೇ ಎದ್ದು ಹೇಳಲಿ. ನಲವತ್ತು ಜನ ಎರಡೆರಡು ನಿಮಿಷ ತಮಗೆ ಗೊತ್ತಿರುವುದನ್ನು ತಮ್ಮ ಮಾತಿನಲ್ಲೇ ಹೇಳಿದರೆ, ಯಂತ್ರದ ಇನ್ನೂರು ಪತ್ರಗಳು ಬೇಕಾಗುವುದಿಲ್ಲ.

ಪ್ರಶ್ನೆ: ಕೇಂದ್ರದ ಕರಡು ನಿಯಮಗಳು ಬಹುತೇಕ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ಬರುತ್ತವೆ. ನಮ್ಮ ಸಂಘದಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರೇ. ಈಗ ಫೋನಿನಲ್ಲೇ ಕನ್ನಡಕ್ಕೆ ಅನುವಾದ ಮಾಡಿಕೊಂಡು ಸಭೆಯಲ್ಲಿ ಓದುತ್ತಿದ್ದೇವೆ. ಇದನ್ನು ಎಷ್ಟರಮಟ್ಟಿಗೆ ನಂಬಬಹುದು?
— ಅಂಗವಿಕಲರ ಸಂಘದ ಕಾರ್ಯದರ್ಶಿಯೊಬ್ಬರು, ಕೊಪ್ಪಳ

ಉತ್ತರ: ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಸಂತೋಷವಾಯಿತು, ಏಕೆಂದರೆ ಈ ತಂತ್ರಜ್ಞಾನದಿಂದ ಹಕ್ಕೊತ್ತಾಯದ ಕೆಲಸಕ್ಕೆ ಆಗಿರುವ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ. ಕಾನೂನು ರಚನೆಗೆ ಮುಂಚಿನ ಸಮಾಲೋಚನೆಯ ಬಗ್ಗೆ ಕೇಂದ್ರ ಸರ್ಕಾರ 2014ರಲ್ಲಿ ಮಾಡಿದ ನೀತಿ, ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು ಎನ್ನುತ್ತದೆ. ಇಂಗ್ಲಿಷ್ ಬಾರದವರಿಗೆ ಆ 30 ದಿನಗಳಲ್ಲಿ ಇಪ್ಪತ್ತು ದಿನ ‘ಇದರಲ್ಲಿ ಏನಿದೆ’ ಎಂದು ತಿಳಿಯುವುದರಲ್ಲೇ ಕಳೆದುಹೋಗುತ್ತಿತ್ತು. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ ಬಂದಾಗ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಬೇಕಾಯಿತು. ಭಾಷೆಯ ವಿಷಯ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆಯೂ ಬಂದಿತ್ತು. ಈಗ ಆ ಅನುವಾದಕ್ಕಾಗಿ ಕಾಯಬೇಕಾಗಿಲ್ಲ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅನುವಾದ ವೇದಿಕೆ ‘ಭಾಷಿಣಿ’ ಕನ್ನಡವನ್ನೂ ಒಳಗೊಂಡಿದೆ. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ 22 ಭಾಷೆಗಳಿಗೂ ಅನುವಾದ ಮಾದರಿಯನ್ನು ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ.

ಆದರೆ ಕಾನೂನಿನ ಭಾಷೆಯಲ್ಲಿ ಕೆಲವು ಸಣ್ಣ ಪದಗಳ ಮೇಲೆ ಇಡೀ ಹಕ್ಕು ನಿಂತಿರುತ್ತದೆ, ಮತ್ತು ಯಂತ್ರ ಎಡವುವುದೂ ಅಲ್ಲಿಯೇ. ಇಂಗ್ಲಿಷಿನ ‘ಶಲ್’ ಎಂಬುದನ್ನೇ ನೋಡಿ. ಸರ್ಕಾರ ಇಳಿಜಾರು ದಾರಿಯನ್ನು ಒದಗಿಸಲೇಬೇಕು ಎಂದು ಕಟ್ಟಿಹಾಕುವ ಪದ ಅದು. ನಮ್ಮ ಕಾನೂನು ಕನ್ನಡದಲ್ಲಿ ಅದಕ್ಕೆ ‘ಒದಗಿಸತಕ್ಕದ್ದು’ ಎನ್ನುತ್ತೇವೆ. ಯಂತ್ರ ಅದನ್ನು ಎಷ್ಟೋ ಸಲ ‘ಒದಗಿಸುತ್ತದೆ’ ಎಂದು ಬರೆದುಬಿಡುತ್ತದೆ. ಓದಿದವರಿಗೆ ಸೌಕರ್ಯ ಆಗಲೇ ಬಂದಂತೆ ಕೇಳಿಸುತ್ತದೆ, ಅದನ್ನು ಕೇಳಿ ಪಡೆಯುವ ಹಕ್ಕು ಮಾತ್ರ ಕಾಣದೆ ಹೋಗುತ್ತದೆ. ‘ಮೇ’ ಎಂದಿದ್ದರೆ ‘ಒದಗಿಸಬಹುದು’, ಅಲ್ಲಿ ಕಡ್ಡಾಯವಿಲ್ಲ. ನಿಮ್ಮ ಆಕ್ಷೇಪಣೆಯ ತಿರುಳು ಈ ‘ಬಹುದು’ವನ್ನು ‘ತಕ್ಕದ್ದು’ ಮಾಡಿ ಎಂಬುದೇ ಆಗಿರಲೂಬಹುದು. ಇನ್ನೊಂದು, ‘ಪ್ರೊವೈಡೆಡ್ ದಟ್’. ನಮ್ಮಲ್ಲಿ ಅದಕ್ಕೆ ‘ಪರಂತು’ ಎಂಬ ಹಳೆಯ ಪದವಿದೆ. ಮೇಲೆ ಕೊಟ್ಟದ್ದನ್ನು ಯಾವ ಸಂದರ್ಭದಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದು ಅದರ ಮುಂದೆ ಬರುತ್ತದೆ. ಯಂತ್ರ ಅದನ್ನು ‘ಒದಗಿಸಲಾಗಿದೆ’ ಎಂದು ಮಾಡಿದರೆ ಷರತ್ತು ಹೋಗಿ ಕೊಡುಗೆಯಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಅನುವಾದವನ್ನು ಸಭೆಯಲ್ಲಿ ಓದುವ ಮೊದಲು, ಇಂಗ್ಲಿಷ್ ಬಲ್ಲ ಆ ಇಬ್ಬರು ಇಡೀ ದಾಖಲೆಯನ್ನಲ್ಲದಿದ್ದರೂ ಈ ಕೆಲವು ಪದಗಳು ಬರುವ ಸಾಲುಗಳನ್ನು ಮೂಲದೊಂದಿಗೆ ಕೂಡಿಸಿ ನೋಡಲಿ. ಅದು ಒಂದು ಗಂಟೆಯ ಕೆಲಸ. ಸದಸ್ಯರ ಮಾತನ್ನು ಕನ್ನಡದಿಂದ ಇಂಗ್ಲಿಷಿಗೆ ಒಯ್ಯುವಾಗಲೂ ಇದೇ ಎಚ್ಚರ ಬೇಕು. ‘ಕಚೇರಿಗೆ ಹೋದ್ರ ಮೆಟ್ಟಲ ಕೆಳಗ ಕುಂದರಸ್ತಾರ್ರೀ, ಸಾಹೇಬ್ರು ಇಳದು ಬರೂದಿಲ್ಲ’ ಎಂದು ನಿಮ್ಮ ಸದಸ್ಯೆ ಹೇಳಿದ್ದನ್ನು ಯಂತ್ರ ‘ಕಚೇರಿಗಳಲ್ಲಿ ಪ್ರವೇಶ ಸೌಲಭ್ಯದ ಕೊರತೆಯಿದೆ’ ಎಂದು ಇಸ್ತ್ರಿ ಹಾಕಿ ಕೊಟ್ಟರೆ, ಹಾಗೆ ಕಳುಹಿಸಬೇಡಿ. ಮೆಟ್ಟಿಲ ಕೆಳಗೆ ಕುಳಿತದ್ದು, ಸಾಹೇಬರು ಇಳಿದು ಬಾರದ್ದು, ಎರಡೂ ಇಂಗ್ಲಿಷಿನಲ್ಲಿ ಉಳಿಯಬೇಕು. ಮೂಲ ಕನ್ನಡವನ್ನೂ ಜೊತೆಗೆ ಲಗತ್ತಿಸಿ.

ಪ್ರಶ್ನೆ: ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪಬ್ಲಿಕ್ ಅಫೇರ್ಸ್ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಸೂದೆಗಳನ್ನು ಓದಿ ಸಾರಾಂಶ ಮಾಡುವುದು, ಸದನದ ಪ್ರಶ್ನೋತ್ತರಗಳನ್ನು ಗಮನಿಸುವುದು, ಟಿಪ್ಪಣಿ ಬರೆಯುವುದು ನನ್ನ ಕೆಲಸ. ಇವೆಲ್ಲವನ್ನೂ ಎಐ ಮಾಡುತ್ತಿದೆ. ನಾನು ಈ ವೃತ್ತಿಯಲ್ಲಿ ಮುಂದುವರಿಯಬೇಕೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಆತಂಕ ಸುಳ್ಳಲ್ಲ, ಅದನ್ನು ಸಮಾಧಾನದ ಮಾತಿನಿಂದ ಮುಚ್ಚುವುದು ಸರಿಯೂ ಅಲ್ಲ. ಈ ವೃತ್ತಿಗೆ ಹೊಸದಾಗಿ ಬರುವವರಿಗೆ ಮೊದಲ ಎರಡು ಮೂರು ವರ್ಷ ಕೊಡುತ್ತಿದ್ದ ಕೆಲಸವನ್ನು ಯಂತ್ರ ಈಗ ನಿಮಿಷಗಳಲ್ಲಿ ಮಾಡುತ್ತದೆ. ನನಗೆ ಹೆಚ್ಚು ಚಿಂತೆಯಾಗುವುದು ಇನ್ನೊಂದು ವಿಷಯ. ಆ ಬೇಸರದ ಓದಿನಲ್ಲಿಯೇ ನಾವೆಲ್ಲ ಕೆಲಸ ಕಲಿತದ್ದು. ಅದಿಲ್ಲದೆ ಮುಂದಿನವರು ಎಲ್ಲಿ ಕಲಿಯುತ್ತಾರೆ?

ನೀವು ಹತ್ತಿರದಿಂದ ಕಂಡಿರಬಹುದಾದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಮಸೂದೆಯ ಕರಡನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಪ್ರಕಟಿಸಿತು; 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ವಿಧಾನಮಂಡಲದ ಒಪ್ಪಿಗೆಯೂ ಸಿಕ್ಕಿತು. ಕರಡು, ಸುಗ್ರೀವಾಜ್ಞೆ, ಕಾಯ್ದೆ ಮೂರನ್ನೂ ಸಾಲು ಸಾಲಾಗಿ ಹೋಲಿಸಿ ಎಲ್ಲಿ ಏನು ಬದಲಾಯಿತು ಎಂದು ಪಟ್ಟಿ ಮಾಡಲು ಹಿಂದೆ ಎರಡು ದಿನ ಬೇಕಿತ್ತು, ಈಗ ಯಂತ್ರಕ್ಕೆ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಆಗುತ್ತದೆ. ಆದರೆ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಂದು ಕಾನೂನು ಹೇಳಿದಾಗ, ನಿಜವಾದ ದರ ಯಾವ ಅಧಿಸೂಚನೆಯಲ್ಲಿ ಬರುತ್ತದೆ, ಆ ಕಡತ ಈಗ ಯಾವ ಇಲಾಖೆಯ ಯಾವ ಹಂತದಲ್ಲಿದೆ, ಕಾರ್ಮಿಕ ಸಂಘಟನೆಗಳು ಯಾವ ಅಂಶದಲ್ಲಿ ಸ್ವಲ್ಪವೂ ಬಗ್ಗುವುದಿಲ್ಲ, ಕಂಪನಿಗಳು ಹೊರಗೆ ವಿರೋಧಿಸುತ್ತಿದ್ದರೂ ಒಳಗೆ ಯಾವುದನ್ನು ಒಪ್ಪಬಲ್ಲವು ಎಂಬುದು ಮನುಷ್ಯರನ್ನು ಕಂಡು ಮಾತನಾಡಿದವರಿಗೆ ಮಾತ್ರ ತಿಳಿಯುವಂಥದ್ದು. ಇದೇ ಕಾನೂನು, ಕಾರ್ಮಿಕರ ಮೇಲೆ ನಿಗಾ ಇಟ್ಟು ತೀರ್ಮಾನ ಮಾಡುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಅವರಿಗೆ ಮಾಹಿತಿ ಕೊಡಬೇಕು ಎನ್ನುತ್ತದೆ. ಯಂತ್ರದ ತೀರ್ಮಾನಕ್ಕೆ ವಿವರಣೆ ಕೇಳುವ ಹಕ್ಕು ನಮ್ಮ ರಾಜ್ಯದಲ್ಲಿ ಮೊದಲು ಊಟ ತಲುಪಿಸುವ ಹುಡುಗರ ಹೆಸರಿನಲ್ಲಿ ಚರ್ಚೆಗೆ ಬಂತು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಎರಡು ಎಚ್ಚರಿಕೆಗಳನ್ನು ಹೇಳುತ್ತೇನೆ. ಯಂತ್ರ ಇಲ್ಲದ್ದನ್ನು ಇದೆಯೆಂದು ಬಹಳ ವಿಶ್ವಾಸದಿಂದ ಬರೆಯುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ನಮ್ಮ ಬೆಂಗಳೂರಿನಲ್ಲೇ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ 2024ರ ಡಿಸೆಂಬರ್‌ನಲ್ಲಿ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿ, ಅದನ್ನು ಕೆಲವೇ ದಿನಗಳಲ್ಲಿ ಹಿಂಪಡೆಯಬೇಕಾಯಿತು. ಸಚಿವರ ಮೇಜಿಗೆ ಹೋಗುವ ನಿಮ್ಮ ಟಿಪ್ಪಣಿಯಲ್ಲಿ ಅಂಥದ್ದೊಂದು ತಪ್ಪು ಸಿಕ್ಕರೆ ಮುಂದಿನ ಹತ್ತು ಟಿಪ್ಪಣಿಗಳನ್ನು ಯಾರೂ ತೆರೆಯುವುದಿಲ್ಲ. ಎರಡನೆಯದು, ಗ್ರಾಹಕರ ಗುಟ್ಟಿನ ದಾಖಲೆಯನ್ನು ಸಾರಾಂಶಕ್ಕೆಂದು ಎಲ್ಲರೂ ಬಳಸುವ ಉಚಿತ ಸಲಕರಣೆಗೆ ಹಾಕುವ ಅಭ್ಯಾಸ ಕಿರಿಯರಲ್ಲಿ ಬೆಳೆಯುತ್ತಿದೆ. ಅದನ್ನು ಇಂದೇ ಬಿಡಿ.

ವೃತ್ತಿ ಬಿಡಬೇಡಿ. ಯಂತ್ರ ಉಳಿಸಿಕೊಟ್ಟ ಸಮಯದಲ್ಲಿ ವಾರಕ್ಕೊಂದು ದಿನ ಮೇಜು ಬಿಟ್ಟು ಹೊರಗೆ ಹೋಗಿ. ನೀವು ಟಿಪ್ಪಣಿ ಬರೆಯುವ ನಿಯಮ ಯಾರ ಮೇಲೆ ಬೀಳುತ್ತದೋ ಅವರ ಜೊತೆ ಕುಳಿತು ಮಾತನಾಡಿ. ಇನ್ನೊಂದು ಮಾತು. ಅಮೆರಿಕದಲ್ಲಿ ಲಾಬಿ ಮಾಡುವವರು ನೋಂದಾಯಿಸಿಕೊಂಡು ವಿವರ ಬಹಿರಂಗಪಡಿಸಬೇಕೆಂಬ ಕಾನೂನು 1995ರಿಂದ ಇದೆ, ನಮ್ಮಲ್ಲಿ ಅಂಥದ್ದಿಲ್ಲ. ಒಂದು ಪತ್ರದ ಹಿಂದೆ ಯಾರ ಹಣವಿದೆ ಎಂದು ತಿಳಿಯುವ ದಾರಿಯಿಲ್ಲದ ಕಡೆ, ಸಾವಿರ ಪತ್ರಗಳನ್ನು ಕ್ಷಣದಲ್ಲಿ ಬರೆಯುವ ಯಂತ್ರ ಬಂದಿದೆ. ಈ ವೃತ್ತಿಯ ಒಳಗಿರುವ ನಿಮ್ಮಂಥವರೇ ಅಂಥ ಕಾನೂನು ಬೇಕೆಂದು ಕೇಳಿದರೆ ಅದಕ್ಕೆ ತೂಕ ಹೆಚ್ಚು.

ಪ್ರಶ್ನೆ: ಎಐ ಬರೆದುಕೊಟ್ಟ ಮಾಹಿತಿ ಹಕ್ಕು ಅರ್ಜಿ ಎರಡು ಪುಟ ಇತ್ತು. ಕಚೇರಿಯವರು ತಿರಸ್ಕರಿಸಿದರು. ತಪ್ಪು ಯಾರದು?
— ಓದುಗರೊಬ್ಬರು, ಹಾಸನ

ಉತ್ತರ: ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಯಂತ್ರಕ್ಕೆ ಈ ರಾಜ್ಯದ ನಿಯಮ ನೆನಪಿರುವುದಿಲ್ಲ, ನೀವೇ ಹೇಳಬೇಕು. ಅದು ‘ಏಕೆ ಮಾಡಲಿಲ್ಲ’ ಎಂಬಂಥ ಪ್ರಶ್ನೆಗಳನ್ನೂ ಬರೆಯುತ್ತದೆ. ಕಾಯ್ದೆಯಡಿ ಸಿಗುವುದು ದಾಖಲೆಯಲ್ಲಿ ಇರುವ ಮಾಹಿತಿ ಮಾತ್ರ. ಆದ್ದರಿಂದ ‘ಇಂಥ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ, ಬಿಲ್ಲಿನ ಪ್ರತಿ ಕೊಡಿ’ ಎಂದು ಕೇಳಿ. 10 ರೂಪಾಯಿ ಶುಲ್ಕದೊಂದಿಗೆ ಹೊಸದಾಗಿ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

ಪ್ರಶ್ನೆ: ಇಲ್ಲಿನ ನಮ್ಮ ಸಮುದಾಯದ ಸಂಘ ಒಂದು ಗುಂಡಿ ಒತ್ತಿದರೆ ಸಾಕು, ನಮ್ಮ ಪರವಾಗಿ ಶಾಸಕರಿಗೆ ಎಐ ಪತ್ರ ಬರೆಯುವ ವ್ಯವಸ್ಥೆ ಮಾಡಿದೆ. ವೀಸಾ, ಶಾಲೆ, ಎಲ್ಲ ವಿಷಯಕ್ಕೂ ಅದೇ. ಇದರಿಂದ ಪ್ರಯೋಜನವಿದೆಯೇ?
— ಕನ್ನಡಿಗರೊಬ್ಬರು, ನ್ಯೂಜೆರ್ಸಿ

ಉತ್ತರ: ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು 2020ರಲ್ಲಿ ನಿಮ್ಮ ದೇಶದ 7,000ಕ್ಕೂ ಹೆಚ್ಚು ರಾಜ್ಯ ಶಾಸಕರಿಗೆ ಸುಮಾರು 32,000 ಇಮೇಲ್‌ಗಳನ್ನು ಕಳುಹಿಸಿ ನೋಡಿದರು, ಕೆಲವನ್ನು ವಿದ್ಯಾರ್ಥಿಗಳು ಬರೆದಿದ್ದರು, ಕೆಲವನ್ನು ಯಂತ್ರ ಬರೆದಿತ್ತು. ಉತ್ತರ ಬಂದ ಪ್ರಮಾಣದಲ್ಲಿದ್ದ ವ್ಯತ್ಯಾಸ ಶೇಕಡ 2ಕ್ಕೂ ಕಡಿಮೆ. ಇದನ್ನು ಓದಿ ‘ಹಾಗಾದರೆ ಯಂತ್ರವೇ ಸಾಕು’ ಎನಿಸಬಹುದು. ನನಗೆ ಅನಿಸಿದ್ದು ಬೇರೆ: ಪತ್ರ ನೋಡಿ ವ್ಯತ್ಯಾಸ ತಿಳಿಯದು ಎಂದು ಶಾಸಕರ ಕಚೇರಿಗಳಿಗೂ ಗೊತ್ತಾದ ಮೇಲೆ, ಅವರು ಇಮೇಲ್‌ ಮೇಲೆ ಇಟ್ಟಿದ್ದ ನಂಬಿಕೆಯೇ ಇಳಿಯುತ್ತದೆ. ದೂರವಾಣಿಯ ಧ್ವನಿಗೂ ಅದೇ ಗತಿ ಬರುತ್ತಿದೆ. 2024ರ ಜನವರಿಯಲ್ಲಿ ನ್ಯೂಹ್ಯಾಂಪ್‌ಷೈರ್‌ನ ಮತದಾರರಿಗೆ ಅಧ್ಯಕ್ಷ ಬೈಡನ್ ಅವರ ಕೃತಕ ಧ್ವನಿಯಲ್ಲಿ, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿ ಎಂಬ ಕರೆಗಳು ಹೋದದ್ದು ನಿಮಗೆ ನೆನಪಿರಬಹುದು. ಅದನ್ನು ಮಾಡಿಸಿದ ರಾಜಕೀಯ ಸಲಹೆಗಾರನಿಗೆ ಸಂಪರ್ಕ ಆಯೋಗ 60 ಲಕ್ಷ ಡಾಲರ್ ದಂಡ ವಿಧಿಸಿತು. ನೀವು ಆ ಗುಂಡಿ ಒತ್ತುವುದನ್ನು ಬಿಟ್ಟು ವರ್ಷಕ್ಕೆರಡು ಸಲ ನಿಮ್ಮ ಪಟ್ಟಣದ ಸಭೆಗೆ ಹೋಗಿ ನಿಂತು ಮಾತನಾಡಿ. ವೀಸಾ ಸರತಿಯಲ್ಲಿ ಕಾಯುತ್ತ ಕಳೆದ ವರ್ಷಗಳಲ್ಲಿ ಊರಿನ ಯಾವ ಮದುವೆಗೆ, ಯಾವ ಸಾವಿಗೆ ಹೋಗಲಾಗಲಿಲ್ಲ ಎಂದು ನೀವು ಎದುರು ನಿಂತು ಹೇಳಿದ್ದನ್ನು ಅವರು ಯಂತ್ರದ ಮಾತೆಂದು ತಳ್ಳಿಹಾಕಲಾರರು.

ಪ್ರಶ್ನೆ: ನಾನು ಸರ್ಕಾರಿ ನೌಕರ. ನಮ್ಮ ಕಚೇರಿಗೆ ಕರಡು ನಿಯಮದ ಮೇಲೆ ಸಾವಿರಾರು ಸಲಹೆ, ಆಕ್ಷೇಪಣೆ ಬಂದಿವೆ. ಇರುವವರು ಮೂವರು. ಇವನ್ನು ಎಐ ಮೂಲಕ ವಿಂಗಡಿಸಿ ಸಾರಾಂಶ ಮಾಡಿಸಬಹುದೇ? ಜನರಿಗೆ ಮೋಸ ಮಾಡಿದಂತೆ ಆಗುವುದಿಲ್ಲವೇ?
— ಹೆಸರು, ಊರು ಬೇಡವೆಂದಿದ್ದಾರೆ

ಉತ್ತರ: ಮೋಸವಾಗುತ್ತದೆಯೇ ಎಂದು ಕೇಳಿಕೊಳ್ಳುವವರ ಕೈಯಲ್ಲಿ ಆ ಕಡತ ಇರುವುದೇ ದೊಡ್ಡ ವಿಷಯ. ವಿಂಗಡಣೆಗೆ ಬಳಸಬಹುದು, ತೀರ್ಮಾನಕ್ಕೆ ಬಳಸಬಾರದು ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ ಸರ್ಕಾರ ‘ಕನ್ಸಲ್ಟ್’ ಎಂಬ ಸಲಕರಣೆಯನ್ನು ಇದಕ್ಕೆಂದೇ ಮಾಡಿಕೊಂಡಿದೆ. 2025ರಲ್ಲಿ ಸೌಂದರ್ಯ ಚಿಕಿತ್ಸೆಗಳ ನಿಯಂತ್ರಣದ ಬಗ್ಗೆ ಸ್ಕಾಟ್ಲೆಂಡ್ ಸರ್ಕಾರಕ್ಕೆ ಬಂದ 2,000ಕ್ಕೂ ಹೆಚ್ಚು ಉತ್ತರಗಳನ್ನು ಅದರಿಂದ ವಿಂಗಡಿಸಿ, ಅಧಿಕಾರಿಗಳು ಮಾಡಿದ ವಿಂಗಡಣೆಯೊಂದಿಗೆ ಹೋಲಿಸಿದಾಗ ಎರಡೂ ಬಹುತೇಕ ಒಂದೇ ಆಗಿದ್ದವು ಎಂದು ಬ್ರಿಟನ್ ಸರ್ಕಾರ ಹೇಳಿದೆ. ಅಲ್ಲಿ ಗಮನಿಸಬೇಕಾದದ್ದು ಯಂತ್ರದ ವೇಗಕ್ಕಿಂತ ಹೆಚ್ಚಾಗಿ, ಅಧಿಕಾರಿಗಳೂ ಅದೇ ಉತ್ತರಗಳನ್ನು ಓದಿ ಹೋಲಿಸಿದರು ಎಂಬುದು. ತೈವಾನಿನಲ್ಲಿ 2015ರಲ್ಲಿ ಊಬರ್ ವಿವಾದ ಬಂದಾಗ ‘ಪೋಲಿಸ್’ ಎಂಬ ತಂತ್ರಾಂಶ ಬಳಸಿದರು (ಆರಕ್ಷಕರಿಗೂ ಅದಕ್ಕೂ ಸಂಬಂಧವಿಲ್ಲ). ಜನ ತಮ್ಮ ಅಭಿಪ್ರಾಯವನ್ನು ಒಂದೊಂದು ವಾಕ್ಯದಲ್ಲಿ ಬರೆಯುತ್ತಾರೆ, ಉಳಿದವರು ಅದಕ್ಕೆ ಒಪ್ಪಿಗೆ ಅಥವಾ ಭಿನ್ನಮತ ಸೂಚಿಸುತ್ತಾರೆ, ಎದುರು ಉತ್ತರ ಬರೆಯಲು ಅವಕಾಶವಿಲ್ಲ. ಯಾವ ಮಾತಿಗೆ ಎಲ್ಲ ಗುಂಪಿನವರೂ ಒಪ್ಪಿದ್ದಾರೆ ಎಂಬುದನ್ನು ಯಂತ್ರ ಎತ್ತಿ ತೋರಿಸುತ್ತದೆ. ಜಗಳ ಬೆಳೆಸದೆ ಅಭಿಪ್ರಾಯ ಕೇಳುವ ಆ ಕ್ರಮ ನಮ್ಮ ಮಹಾನಗರ ಯೋಜನೆಗಳಿಗೂ ಬಂದರೆ ಚೆನ್ನಾಗಿತ್ತು.

ನಿಮ್ಮ ಕೆಲಸದಲ್ಲಿ ಅಪಾಯವಿರುವುದು ಒಂಟಿ ಪತ್ರಗಳ ವಿಷಯದಲ್ಲಿ. ಯಂತ್ರ ಹೆಚ್ಚು ಜನ ಹೇಳಿದ್ದನ್ನು ಮೇಲೆ ತರುತ್ತದೆ, ಒಬ್ಬರೇ ಹೇಳಿದ್ದನ್ನು ‘ಇತರೆ’ ಎಂಬ ಚೀಲಕ್ಕೆ ಹಾಕುತ್ತದೆ. ಆ ಅಡಿಕೆ ಬೆಳೆಗಾರರ ಪತ್ರ ಇಂದು ಬಂದಿದ್ದರೆ ಆ ಚೀಲದಲ್ಲೇ ಇರುತ್ತಿತ್ತು. ಆದ್ದರಿಂದ ‘ಇತರೆ’ಯನ್ನು ನೀವು ಮೂವರೂ ಹಂಚಿಕೊಂಡು ಪೂರ್ತಿ ಓದಿ, ಕೈಬರಹದವನ್ನು, ಬೀದರ್, ಕುಂದಾಪುರ, ಚಾಮರಾಜನಗರಗಳ ಆಡುಮಾತಿನಲ್ಲಿ ಬಂದವನ್ನು ಮೊದಲು ಓದಿ, ಏಕೆಂದರೆ ಯಂತ್ರ ಅವುಗಳನ್ನು ತಪ್ಪಾಗಿ ಓದುವ ಸಾಧ್ಯತೆ ಹೆಚ್ಚು. ಒಂದೇ ಅಚ್ಚಿನ ನುಣುಪು ಪತ್ರಗಳು ರಾಶಿಯಾಗಿ ಬಂದಿದ್ದರೆ ಅವನ್ನು ಎಸೆಯಬೇಡಿ, ಅವುಗಳಲ್ಲಿ ಕೆಲವರಿಗಾದರೂ ಫೋನ್ ಮಾಡಿ ‘ಇದು ನೀವು ಕಳುಹಿಸಿದ್ದೇ?’ ಎಂದು ಕೇಳಿ. ಬರೆಯಲು ಬಾರದವರು ಯಂತ್ರದ ನೆರವು ಪಡೆದು ನಿಜವನ್ನೇ ಹೇಳಿರಬಹುದು, ಹಿಂದೆ ಕಚೇರಿಯ ಹೊರಗಿನ ಮರದಡಿ ಕುಳಿತ ಅರ್ಜಿ ಬರಹಗಾರರಿಂದ ಬರೆಸುತ್ತಿದ್ದ ಹಾಗೆ.

ಪತ್ರಗಳನ್ನು ಹೊರಗಿನ ಸಲಕರಣೆಗೆ ಕೊಡುವ ಮೊದಲು ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ತೆಗೆದುಹಾಕಿ. 2015ರಲ್ಲಿ ಟ್ರಾಯ್ ತನಗೆ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳನ್ನು ಇಮೇಲ್ ವಿಳಾಸಗಳ ಸಹಿತ ಜಾಲತಾಣದಲ್ಲಿ ಹಾಕಿ ದೊಡ್ಡ ಟೀಕೆಗೆ ಗುರಿಯಾಗಿತ್ತು. ಈಗಂತೂ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿದೆ. ಸಾರಾಂಶದ ಕೆಳಗೆ, ವಿಂಗಡಣೆಗೆ ಯಂತ್ರದ ನೆರವು ಪಡೆದಿದ್ದೇವೆ, ಇಷ್ಟು ಪತ್ರಗಳನ್ನು ಸಿಬ್ಬಂದಿ ಸ್ವತಃ ಓದಿದ್ದಾರೆ ಎಂದು ಬರೆದು ಪ್ರಕಟಿಸಿ.

ಕೊನೆಯದಾಗಿ ನನ್ನದೇ ಒಂದು ಕೋರಿಕೆ. ಆಕ್ಷೇಪಣೆ ಸಲ್ಲಿಸಿದವರಿಗೆ ಸ್ವೀಕೃತಿಯ ಮುದ್ರೆ ಬಿಟ್ಟರೆ ಬೇರೇನೂ ಸಿಗದಿರುವುದನ್ನೇ ನಾನು ಇಷ್ಟು ವರ್ಷ ಕಂಡಿದ್ದೇನೆ. ಸಿಬ್ಬಂದಿ ಇಲ್ಲ ಎಂಬುದೇ ಕಾರಣವಾಗಿತ್ತು. ಈಗ ಪ್ರತಿಯೊಬ್ಬರಿಗೂ, ಅವರು ಎತ್ತಿದ ಅಂಶ ಯಾವುದು, ಅದನ್ನು ಒಪ್ಪಿದಿರೋ ಬಿಟ್ಟಿರೋ, ಏಕೆ ಎಂದು ನಾಲ್ಕು ಸಾಲಿನ ಹಿಂಬರಹದ ಕರಡನ್ನು ಯಂತ್ರದಿಂದ ಸಿದ್ಧಪಡಿಸಿ, ಓದಿ, ತಿದ್ದಿ, ಸಹಿ ಹಾಕಿ ಕಳುಹಿಸಲು ಮೂವರಿಂದಲೂ ಸಾಧ್ಯವಿದೆ. ಆ ಕೆಲಸವನ್ನು ಮೊದಲು ಆರಂಭಿಸಿ.